ಹಿಟ್ಟಿನ ಮುದ್ದಿಗೂ ಪರದೆ

ನಮ್ಮತ್ತಿ ಹಿತ್ತಲ ಕಟ್ಟಿ ಮ್ಯಾಲಿಂದ ಜಾರಿ ಬಿದ್ದು ಬಲಗೈ ರಟ್ಟಿ ಉಳುಕಿಸಿಕೊಂಡಿದ್ಲು. ಹಂಗಾಗಿ ಆಕಿಗೆ ಎರಕೊಳ್ಳಾಕ ನಾ ಬೇಕಾದೆ. ಎದುರಿಗೆ 'ಅತ್ಯಾರ' ಅಂತೇನಿ, ಹಿಂದ 'ಆಕಿ' ಅಂತೇನಿ. ಇಷ್ಟು ವರ್ಷ ಒಂದ ಒಲಿ ಮುಂದ ಕುಂತು ಜಗಳಾಡಿದವರಿಗೆ ಅಷ್ಟು ಸಲಿಗಿ ಇರಬೇಕು. ಮದಲನೇ ದಿನ ಸೀರಿ ಸುತಗೊಂಡು ಕುಂತು ಬರೇ ಬೆನ್ನ ಕೊಟ್ಲು. ಮುಂದೊಂದಿನ ಎಣ್ಣಿ ಹಚ್ಚೂ ಮುಂದ ಸೆರಗ ಜಾರಿತು. ಎಡಗಡೆ ಮೊಲಿ ಮ್ಯಾಲ ಚರ್ಮ ಒಳಗ ಜಗ್ಗಿಕೊಂಡಿತ್ತು, ನಾದಿದ ಹಿಟ್ಟಿಗೆ ಯಾರೋ ಹೆಬ್ಬಟ್ಟು ಒತ್ತಿದಂಗ. ನನ್ನ ಕೈ ಅಲ್ಲೇ ನಿಂತವು.

"ಅತ್ಯಾರ, ಇದೇನ್ರಿ?"

ಆಕಿ ಸೆರಗ ಎಳಕೊಂಡ್ಲು. "ಏನಿಲ್ಲ, ನೀರ ಹಾಕು."

"ಒಳಗ ಗಂಟ ಐತೇನ್ರಿ?"

"ಐತಿ. ಇರಲಿ ಬಿಡು. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ನೋಯಂಗಿಲ್ಲ, ಏನಿಲ್ಲ."

ನಾ ಬಿಡಲಿಲ್ಲ. ಇವತ್ತ ದವಾಖಾನಿಗೆ ಹೋಗೂಣು ನಡೀರಿ ಅಂದೆ. ಆಗ ಆಕಿ ಒದ್ದಿ ಕೈಲೆ ನನ್ನ ಮುಂಗೈ ಗಟ್ಟಿ ಹಿಡದ್ಲು. "ಇದನ್ನ ಯಾರ ಮುಂದರೆ ಬಾಯಿ ಬಿಟ್ಟಿ ಅಂದ್ರ ನಿನ್ನ ಮಗಳ ಮ್ಯಾಲ ಆಣಿ ಐತಿ ನೋಡು. ನನ್ನ ಮಗಗೂ ಹೇಳಬಾರದು, ನಿನ್ನ ಡಾಕ್ಟರಬಾಯಿಗೂ ಹೇಳಬಾರದು."

ತನ್ನ ಮೊಮ್ಮಗಳ ಮ್ಯಾಲನ ಆಣಿ ಹಾಕಿದ್ಲು! ಸಣ್ಣಾಕಿದ್ದಾಗ ಆ ಹುಡುಗಿಗೆ ತುತ್ತು ಮಾಡಿ ಉಣಿಸಿದಾಕಿ. ನನಗ ಎಷ್ಟು ಸಿಟ್ಟು ಬಂತು ಅಂದ್ರ ಚರಗಿ ಅಲ್ಲೇ ಒಗದು ಎದ್ದ ಹೋಗಬೇಕು ಅನಿಸ್ತು. ಆದ್ರ ಮೈತುಂಬ ಎಣ್ಣಿ ಹಚಗೊಂಡು ಕುಂತಾಕಿನ್ನ ಹಂಗ ಬಿಟ್ಟು ಎಲ್ಲಿ ಹೋಗೂದು? ಬಾಯಿ ಮುಚಗೊಂಡು ನೀರ ಹಾಕಿದೆ.

ನಾ ಬಿ.ಎ. ಪಾಸಾದಾಕಿ. ಆಣಿ-ಗೀಣಿ ಎಲ್ಲಾ ಸುಳ್ಳು ಅಂತ ಓಣಿ ಹೆಣ್ಮಕ್ಕಳ ಮುಂದ ಭಾಷಣ ಬಿಗಿಯಾಕಿ. ಆದ್ರ ನನ್ನ ಮಗಳು ದಿನಾ ಬಸ್ಸಿನಾಗ ಗದಗಕ್ಕ ಕಾಲೇಜಿಗೆ ಹೋಗಿ ಬರತಾಳ. ಸಂಜಿ ಬಸ್ಸು ಸ್ವಲ್ಪ ತಡಾ ಆದ್ರ ಸಾಕು, ನನ್ನ ಜೀವ ಬಾಯಿಗೆ ಬರತಿತ್ತು. ಇವತ್ತ ನಾ ಯಾರ ಮುಂದರೆ ಏನರೆ ಅಂದೇನೇನು ಅಂತ ಮನಸಿನಾಗ ಮುಂಜಾನಿಂದ ಆಡಿದ ಮಾತೆಲ್ಲಾ ತಿರುವಿ ಹಾಕತಿದ್ದೆ. ಆಣಿ ಹಾಕಿದಾಕಿನ ಅದನ್ನ ಬಿಡಿಸಬೇಕು, ಬ್ಯಾರೆ ಯಾರ ಕೈಲೆನೂ ಆಗಂಗಿಲ್ಲ. ಇಷ್ಟು ನನಗ ನಮ್ಮವ್ವ ಕಲಿಸಿದ್ದು, ಯಾವ ಡಿಗ್ರಿ ಕಲತ್ರೂ ಅದು ಹೋಗಂಗಿಲ್ಲ.

ನನ್ನ ಪಜೀತಿ ನೋಡ್ರಿ. ನಾ ಕೆಲಸಾ ಮಾಡೂದು ನರಗುಂದದಾಗ ಒಂದು ಹೆಣ್ಮಕ್ಕಳ ದವಾಖಾನಿಯೊಳಗ, ಬಾಗಲದಾಗ ಕುಂತು ಚೀಟಿ ಬರಿಯೂದು. ಡಾಕ್ಟರಬಾಯಿ ಗಜೇಂದ್ರಗಡದ ಬಟ್ಟಿ ವ್ಯಾಪಾರದ ಮುಸಲ್ಮಾನ ಮನೆತನದಾಕಿ, ನನಗಿಂತ ಸಣ್ಣಾಕಿ, ನನಗ 'ಅಕ್ಕಾ' ಅಂತಾಳ. ಆಕಿಗೂ ನನಗೂ ನಡುವ ಒಂದು ಹಸರ ಪರದೆ ಅಷ್ಟ. ಹಿಂಗ ಚರ್ಮ ಜಗ್ಗಿದವರು ಬಂದಾಗ ಪರದೆ ಆಚಿಗೆ ಆಕಿ ದನಿ ಹ್ಯಾಂಗ ಸಣ್ಣಗ ಆಗತೈತಿ ಅನ್ನೂದನ್ನ ನಾ ಕೇಳೇನಿ. ಆ ದನಿ ನೆನಪಾದ್ರ ಮಾತು ನಾಲಿಗಿ ತುದಿತನಕ ಬಂದು ನಿಂದರತಿತ್ತು, ಅಷ್ಟರಾಗ ಮಗಳ ಮಾರಿ ಕಣ್ಣ ಮುಂದ ಬರತಿತ್ತು.

ಕಡೀಕ ಒಂದು ಹಾದಿ ಹೊಳೀತು. ಡಾಕ್ಟರಬಾಯಿ ಫೋನಿನಾಗ ಸಣ್ಣ ಸಣ್ಣ ವಿಡಿಯೋ ಮಾಡಿ ಇಂಟರ್ನೆಟ್ಟಿನಾಗ ಹಾಕತಾಳ. ಬಸುರ್ಯಾರು ಏನ ಉಣಬೇಕು, ಬಿ.ಪಿ. ಗುಳಿಗಿ ಯಾಕ ಬಿಡಬಾರದು, ಇಂಥಾವು. ನರಗುಂದ, ರೋಣದ ಕಡೆ ಹೆಣ್ಮಕ್ಕಳ ಸಂಘದ ಫೋನ ಗುಂಪಿನಾಗೆಲ್ಲಾ ಅವನ್ನ ನಾನ ಕಳಸಾಕಿ. ನಮ್ಮತ್ತಿನೂ ಒಂದು ಗುಂಪಿನಾಗ ಅದಾಳ. ಆಣಿ ಹಾಕಿದ್ದು ಯಾರಿಗೂ ಹೇಳಬಾರದು ಅಂತ. ಊರ ಮಂದಿಗೆಲ್ಲಾ ತೋರಿಸೂ ವಿಡಿಯೋ ಆಕಿಗೆ ತೋರಿಸಬಾರದು ಅಂತ ಯಾರೂ ಅಂದಿಲ್ಲಲ್ಲ!

"ಮೇಡಂ, ಮೊಲಿಯೊಳಗಿನ ಗಂಟಿನ ಸಲುವಾಗಿ ಒಂದ ಮಾಡ್ರಿ," ಅಂದೆ.

"ಮಾಡೂಣ್ರಿ ಅಕ್ಕಾ, ಆದ್ರ ತೋರ್ಸೂದು ಹ್ಯಾಂಗ? ಮೈ ತೋರ್ಸಾಕ ಬರಂಗಿಲ್ಲ," ಅಂದ್ಲು ಆಕಿ.

ಮರುದಿನ ನಾ ಮನಿಯಿಂದ ಜ್ವಾಳದ ಹಿಟ್ಟ ನಾದಿಕೊಂಡು ಒಯ್ದೆ. ದಪ್ಪನ್ನ ಎರಡು ಮುದ್ದಿ ಮಾಡಿ ಒಂದರೊಳಗ ಕಡ್ಲಿಕಾಳು ಮುಚ್ಚಿಟ್ಟೆ. ಡಾಕ್ಟರಬಾಯಿ ಬೆರಳಿನ ಚಪ್ಪಟ ಭಾಗದಿಂದ ಹ್ಯಾಂಗ ಸುತ್ತುಗಟ್ಟಿ ಒತ್ತಿ ನೋಡಬೇಕು, ಕಾಳು ಕೈಗೆ ಹ್ಯಾಂಗ ಹತ್ತತೈತಿ ಅಂತ ಎಷ್ಟು ಚಲೋ ತೋರಿಸಿದ್ಲು. "ಮೇಡಂ, ಚರ್ಮ ಒಳಗ ಜಗ್ಗೂದನ್ನೂ ತೋರಿಸ್ರಿ," ಅಂತ ನಾನ ಹೇಳಿದೆ. ಆಕಿ ಹೆಬ್ಬಟ್ಟು ಒತ್ತಿ ಕುಳಿ ಮಾಡಿ, "ಹಿಂಗಾದ್ರ ನೋವಿಲ್ಲ ಅಂತ ಸುಮ್ನ ಕುಂದರಬ್ಯಾಡ್ರಿ, ಬಂದ ಬಿಡ್ರಿ," ಅಂದ್ಲು. ಫೋನ ಹಿಡದಾಕಿ ನಾನ, ಆ ಕುಳಿ ಹಂತ್ಯಾಕ ಒಯ್ದು ತಗದೆ.

ಹಾಕಿ ಒಂದ ತಾಸೂ ಆಗಿದ್ದಿಲ್ಲ, ವಿಡಿಯೋ ಮ್ಯಾಲ ಬೂದಿ ಬಣ್ಣದ ಪರದೆ ಬಿತ್ತು. ಗೆರಿ ಎಳದ ಕಣ್ಣಿನ ಚಿತ್ರ, ಅದರ ಕೆಳಗ 'ಇದರಲ್ಲಿ ಆಕ್ಷೇಪಾರ್ಹ ದೃಶ್ಯಗಳಿರಬಹುದು' ಅಂತ ಕನ್ನಡದಾಗ. ಅಲ್ಲ, ರೊಟ್ಟಿ ಹಿಟ್ಟಿನ ಮುದ್ದಿ ನೋಡಿ ಯಾರಿಗೆ ಏನ ಆಕ್ಷೇಪ ಬಂತು? ಯಾವ ಮಷೀನು ಅದನ್ನ ನೋಡಿ ನಾಚಿಕೊಂಡ್ತೋ ದೇವರಿಗೆ ಗೊತ್ತು. ಡಾಕ್ಟರಬಾಯಿ ಬಿದ್ದು ಬಿದ್ದು ನಕ್ಕಳು. ನಕ್ಕು, ನಮ್ಮ ಕಡೆಯಿಂದನೂ ಒಂದು ಮಾತು ಇರಲಿ ಅಂತ, ಉಳಿದವರು ಹಾಕೂದನ್ನ ನೋಡಿ ತಾನೂ ಮ್ಯಾಲ ಒಂದು ಸಾಲು ಸೇರಿಸಿದ್ಲು: 'ಎಚ್ಚರಿಕೆ! ಸೂಕ್ಷ್ಮ ಮನಸ್ಸಿನವರು ನೋಡಬೇಡಿ.' ನಾ ಅದನ್ನ ಹಂಗ ಎಲ್ಲಾ ಗುಂಪಿಗೂ ಕಳಿಸಿದೆ.

ನಮ್ಮತ್ತಿ ಓದೂ ರೀತಿ ನಿಮಗ ಹೇಳಬೇಕು. ನಾಲ್ಕನೇತ್ತಾತನಕ ಸಾಲಿ ಕಲತಾಳ. ಓದಿದ್ರ ಒಂದೊಂದ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಬೇಕು. ಮನಸಿನಾಗ ಓದೂದು ಆಕಿಗೆ ಬರಂಗಿಲ್ಲ. ಆಕಿ ಫೋನಿಗೆ ಬಂದದ್ದೆಲ್ಲಾ ನಮ್ಮ ಮನಿಮಂದಿಗೂ ಬಂದಂಗ, ಬಾಜೂ ಮನಿಯವರಿಗೂ ಬಂದಂಗ. ಅವತ್ತ ಪಡಸಾಲಿಯೊಳಗ ನಮ್ಮ ಮನಿಯವರು ಊಟಕ್ಕ ಕುಂತಿದ್ರು. ಅವರದು ಬಜಾರದಾಗ ಕಾಳಿನ ಅಂಗಡಿ, ಮಧ್ಯಾಹ್ನ ಮನಿಗೆ ಬರತಾರ. ಆಕಿ ಶುರು ಮಾಡಿದ್ಲು: "ಎ... ಚ್ಚ... ರಿ... ಕೆ. ಸೂಕ್ಷ್ಮ ಮ... ನ... ಸ್ಸಿ... ನ... ವ... ರು... ನೋಡ... ಬೇ... ಡಿ." ಅಲ್ಲಿಗೆ ನಿಂತಳು. ಮಾರಿ ಗಂಟಾತು.

"ಇಂಥಾ ಹೊಲಸ ಯಾರಪಾ ಕಳಸ್ತಾರ ಗುಂಪಿನಾಗ? ತಗೀ ಇದನ್ನ," ಅಂತ ಫೋನ ಮಗನ ಕೈಯಾಗ ಕೊಟ್ಲು. ಅವರು ಎಡಗೈಲೆ ಒತ್ತಿ ಅಳಿಸೇಬಿಟ್ರು. ಏನು ಎತ್ತ ಅಂತನೂ ಕೇಳಲಿಲ್ಲ.

ಅಡಗಿಮನಿ ಬಾಗಲದಾಗ ನಿಂತು ನಾ ನೋಡಿದೆ. ಎರಡು ನಿಮಿಷ ನೋಡಿದ್ರ ಸಾಕಿತ್ತು. ಅವ್ವನ ಗಂಟಿನ ಸುದ್ದಿಯನ್ನ ಮಗನ ತನ್ನ ಬೆರಳಿಲೆ ಅಳಿಸಿದ, ಅವಗ ಅದು ಗೊತ್ತಿಲ್ಲ, ನನಗ ಹೇಳಾಕ ಬರಂಗಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಕರಕಲಾತು.

ಆ ವಾರದಾಗ ಹೊಳೆಮಣ್ಣೂರಿನ ಆಶಾ ಕಾರ್ಯಕರ್ತಿ ಬಸುರ್ಯಾರನ್ನ ಕರಕೊಂಡು ಬಂದಿದ್ಲು. ವಿಡಿಯೋ ನೋಡಿದ್ರೇನವಾ ನಿಮ್ಮೂರಾಗ ಅಂತ ಕೇಳಿದೆ. "ಎಲ್ಲಾರೂ ಅಳಿಸ್ಯಾರ್ರಿ. ಮರ್ಯಾದಸ್ಥರು ನೋಡೂದಲ್ಲ ಅಂತ ನೀವ ಬರದೀರಲ್ರಿ," ಅಂದ್ಲು. ಬೆಂಚಿನ ಮ್ಯಾಲ ಕುಂತಿದ್ದ ಚಿಕ್ಕನರಗುಂದದ ಹೆಣ್ಮಗಳೂ ಹೌದ್ರಿ ಹೌದ್ರಿ ಅಂದ್ಲು. ನೋಡಬ್ಯಾಡ್ರಿ ಅಂತ ಡಾಕ್ಟರ ಅಂದ್ರು, ಇವರು ನೋಡಲಿಲ್ಲ. ಹೇಳಿದ ಮಾತು ಕೇಳೂ ಹೆಣ್ಮಕ್ಕಳು ಇವರು, ಇವರದೇನು ತಪ್ಪು?

ನಾ ಪರದೆ ಸರಿಸಿ ಒಳಗ ಹೋದೆ. "ಮೇಡಂ, ಆ ಸಾಲು ಬದಲಿ ಮಾಡ್ರಿ."

ಆಕಿ ಪಾಪ, ಕೂಡಲೇ ಬರದು ತೋರಿಸಿದ್ಲು: 'ಈ ವಿಡಿಯೋ ಮಹಿಳೆಯರ ಸ್ತನ ಆರೋಗ್ಯಕ್ಕೆ ಸಂಬಂಧಿಸಿದ ಶೈಕ್ಷಣಿಕ ಮಾಹಿತಿಯನ್ನು ಒಳಗೊಂಡಿರುತ್ತದೆ.'

"ತಹಸೀಲ್ದಾರ ಕಚೇರಿ ನೋಟೀಸ ಆತ್ರಿ ಇದು," ಅಂದೆ. ನಮ್ಮತ್ತಿ 'ಸಂಬಂಧಿಸಿದ' ಅನ್ನೂದರೊಳಗ ಫೋನ ಕೆಳಗ ಇಡತಾಳ ಅಂತ ನನಗ ಗೊತ್ತಿತ್ತು. "ಮೊಲಿ ಅಂತನ ಬರೀರಿ."

"ಬೈಯಂಗಿಲ್ಲೇನ್ರಿ ಅಕ್ಕಾ ಮಂದಿ?"

"ಕೂಸು ಅತ್ರ 'ಮೊಲಿ ಕೊಡವಾ ಅದಕ' ಅಂತ ಇದ ಬೆಂಚಿನ ಮ್ಯಾಲ ಕುಂತ ಮುದುಕ್ಯಾರು ಗಂಡಸರ ಮುಂದನ ಅಂತಾರ. ಯಾರರೆ ನಾಚಿದ್ದು ನೋಡೀರೇನು? ಕೂಸಿಗೆ ಬಂದ ಮಾತು ಗಂಟಿಗೆ ಯಾಕ ಬರಬಾರದು?"

ನನ್ನ ಕಣ್ಣ ಮುಂದ ಪಡಸಾಲಿ ಇತ್ತು. ನಮ್ಮತ್ತಿ ಮಗನ ಎದುರಿಗೆ ಗಟ್ಟಿಯಾಗಿ ಓದಾಕಿ. ಓದಿದ್ರ ಆಕಿ ನಾಲಿಗಿ ಎಲ್ಲೂ ತಡವರಿಸಬಾರದು, ಎಲ್ಲೂ ಯಾರೂ ಗದರಿಸಿದಂಗ ಅನಿಸಬಾರದು. ಒಳಗ ಏನೈತಿ, ಏನಿಲ್ಲ, ಅಷ್ಟ ಇರಬೇಕು. ಬರದೆ: 'ಮೊಲಿಯೊಳಗ ಗಂಟ ಐತೇನು ಅಂತ ಹ್ಯಾಂಗ ನೋಡ್ಕೋಬೇಕು ಅನ್ನೂದು ಇದರಾಗ ಐತಿ. ತೋರಿಸಿದ್ದು ರೊಟ್ಟಿ ಹಿಟ್ಟಿನ ಮುದ್ದಿ. ಬರಿಮೈ ಇಲ್ಲ. ಒಬ್ಬಾಕಿನ ಕುಂತರೂ ನೋಡಬಹುದು, ಮನಿಮಂದಿ ಕೂಡನೂ ನೋಡಬಹುದು.'

ಡಾಕ್ಟರಬಾಯಿ ಓದಿದ್ಲು. "ಕಡೀಕ 'ಹೆದರಬ್ಯಾಡ್ರಿ' ಅಂತ ಸೇರಸೂಣೇನು?"

"ಬ್ಯಾಡ್ರಿ. ಹೆದರಬ್ಯಾಡ್ರಿ ಅಂದ ಕೂಡಲೇ ಹೆದರಿಕಿ ಬರತೈತಿ."

ಆಕಿ ನನ್ನ ಮಾರಿ ನೋಡಿದ್ಲು. "ಇಷ್ಟ್ಯಾಕ ಜಿದ್ದಿಗೆ ಬಿದ್ದೀರಿ? ಮನ್ಯಾಗ ಯಾರಿಗರೆ ಏನರೆ ಐತೇನ್ರಿ?"

"ಇಲ್ರಿ ಮೇಡಂ, ಹಂಗೇನಿಲ್ಲ," ಅಂದೆ. ಅವತ್ತ ಸಂಜಿ ಬಸ್ ಸ್ಟ್ಯಾಂಡಿಗೆ ನಾನ ಹೋಗಿ ಮಗಳನ್ನ ಕರಕೊಂಡು ಬಂದೆ. ಯಾಕ ಬಂದಿ ಅಂತ ಕೇಳಿದ್ಲು, ಕಾಯಿಪಲ್ಲೆ ತಗೊಳ್ಳಾಕ ಅಂದೆ.

ಬೂದಿ ಪರದೆ ಮಷೀನಿಂದು, ಅದನ್ನ ತಗಿಯಾಕ ನಮ್ಮ ಕೈಲೆ ಆಗಲಿಲ್ಲ. ಆದ್ರ ಅದರ ಮ್ಯಾಲ ನಮ್ಮ ಸಾಲು ಎದ್ದ ಕಾಣತಿತ್ತು. ರವಿವಾರ ಕಳಿಸಿದೆ. ನಮ್ಮ ಮನಿಯವರು ಕನ್ನಡಿ ಮುಂದ ತಲಿ ಬಾಚಿಕೊಂತ ನಿಂತಿದ್ರು. ನಾ ಮೊರದಾಗ ಜ್ವಾಳ ಹಸನ ಮಾಡಿಕೊಂತ ತಲಿ ಬಗ್ಗಿಸಿ ಕುಂತಿದ್ದೆ. ಆಕಿ ಓದಾಕ ಹತ್ತಿದ್ಲು. "ಮೊ... ಲಿ... ಯೊ... ಳ... ಗ... ಗಂ... ಟ... ಐ... ತೇ... ನು..."

ನಮ್ಮ ಮನಿಯವರ ಹಣಗಿ ತಲಿಯಾಗ ನಿಂತಿತು. ಅವರು ಗ್ವಾಡಿ ಮ್ಯಾಲಿನ ಕ್ಯಾಲೆಂಡರ ನೋಡಾಕ ಹತ್ತಿದ್ರು. ಆಕಿ ನಿಲ್ಲಲಿಲ್ಲ. ಓದಿಕೊಂತ ಓದಿಕೊಂತ 'ರೊಟ್ಟಿ ಹಿಟ್ಟಿನ ಮುದ್ದಿ'ಗೆ ಬಂದು, "ರೊಟ್ಟಿ ಹಿಟ್ಟ ಅಂತ. ಅದಕ್ಯಾಕ ಮುಸುಕು ಹಾಕ್ಯಾರ?" ಅಂತ ತನ್ನಷ್ಟಕ್ಕ ಅಂದು ಒತ್ತೇಬಿಟ್ಲು. ಡಾಕ್ಟರಬಾಯಿ ದನಿ ಪಡಸಾಲಿ ತುಂಬಾ ಕೇಳಿತು. ಕುಳಿ ತೋರಿಸೂ ಜಾಗಾಕ್ಕ ಬಂದಾಗ ಆಕಿ ಫೋನ ಕಣ್ಣಿನ ಹಂತ್ಯಾಕ ತಂದ್ಲು. ಮುಗದ ಮ್ಯಾಲ ಇನ್ನೊಮ್ಮೆ ಹಚ್ಚಿದ್ಲು. ಆಮ್ಯಾಲ ಫೋನ ಉಡಿಯಾಗ ಇಟಗೊಂಡು ಅಂಗಳ ನೋಡಿಕೊಂತ ಕುಂತು ಬಿಟ್ಲು. ನಾ ಅದ ಜ್ವಾಳದಾಗ ಹರಳ ಎಷ್ಟ ಸಲ ಹುಡುಕಿದೆನೋ. ತಲಿ ಎತ್ತಾಕ ಧೈರ್ಯ ಬರಲಿಲ್ಲ.

ಮರುದಿನ ನಾ ಕೆಲಸಕ್ಕ ಹೊಂಟಾಗ ಆಕಿ ಚಲೋ ಸೀರಿ ಉಟಗೊಂಡು ಕಟ್ಟಿ ಮ್ಯಾಲ ಕುಂತಿದ್ಲು. "ನಡಿ, ನನ್ನ ಹೆಸರಿಲೆ ಒಂದು ಚೀಟಿ ಮಾಡು."

"ಆಣಿರಿ?"

"ನಾನ ಹಾಕಿದ್ದೆ, ನಾನ ಬಿಡಿಸೇನಿ. ನನ್ನ ಮೊಮ್ಮಗಳು ಚಲೋ ಇರಲಿ." ಸ್ವಲ್ಪ ದೂರ ಹೋದ ಮ್ಯಾಲ ಅಂದ್ಲು, "ಅದನ್ನ ಬರದಾಕಿ ನೀನ. ಡಾಕ್ಟರ ಮಂದಿ ಅಷ್ಟು ಸಾದಾ ಬರಿಯಂಗಿಲ್ಲ." ನನಗ ಹಾದಿಯೊಳಗನ ಅಳು ಬಂತು. ಆಕಿ ನೋಡಿದ್ರೂ ನೋಡದಂಗ ನಡದ್ಲು.

ಪರದೆ ಆಚಿಗೆ ಡಾಕ್ಟರಬಾಯಿ ಮದಲ ನಗಿಚಾಟಗಿ ಮಾಡಿಕೊಂತ ಮಾತಾಡಿಸಿದ್ಲು. ಆಮ್ಯಾಲ ದನಿ ಸಣ್ಣಗಾತು. ನಾ ಬರಿಯೂದ ಬಿಟ್ಟು ಟೇಬಲ್ಲಿನ ಅಂಚು ಹಿಡಕೊಂಡು ಕುಂತೆ. ಅವತ್ತ ಮನಿಗೆ ಬಂದು ಆಕಿ ತಾನ ಮಗಗ ಹೇಳಿದ್ಲು, ಅದ ಸಾದಾ ಮಾತಿನಾಗ. ಅವರು ಎದ್ದು ಹಿತ್ತಲಕ್ಕ ಹೋಗಿ ನಿಂತ್ರು. ಹುಬ್ಬಳ್ಳಿಗೆ ಕರಕೊಂಡ ಹೋಗಿ ಸೂಜಿ ಚುಚ್ಚಿ ತಪಾಸಣಿಗೆ ಕೊಟ್ಟು ಬಂದ್ವಿ. ಆಮ್ಯಾಲ ಕಾಯೂದು. ಫೋನ ಬಾರಿಸಿದ್ರ ಸಾಕು, ಕೈಯಾಗಿನ ಕೆಲಸಾ ಬಿಟ್ಟು ಓಡತಿದ್ದೆ.

ಡಾಕ್ಟರಬಾಯಿ ಫೋನ ಬಂದಾಗ ನಾವಿಬ್ಬರೂ ಪಡಸಾಲಿಯೊಳಗ ಬಳ್ಳೊಳ್ಳಿ ಸುಲೀತಿದ್ವಿ. ನಾ ಎದ್ದು ಹಿತ್ತಲಕ್ಕ ಹೋದೆ. ಎಲ್ಲಾ ಹೇಳಿ, "ಅಕ್ಕಾ, ನೀವು ಹೇಳಾಕ ಹೋಗಬ್ಯಾಡ್ರಿ. ಕರಕೊಂಡ ಬರ್ರಿ, ನಾ ಸಮಾಧಾನಲೆ ಹೇಳತೇನಿ," ಅಂದ್ಲು. ಸೆರಗಿಲೆ ಮಾರಿ ಒರಸಿಕೊಂಡು ಒಳಗ ಬಂದು ಕುಂತೆ.

"ಏನಂದ್ಲು?"

"ನಾಳೆ ಬರ್ರಿ ಅಂದಾರ್ರಿ ಅತ್ಯಾರ. ಸ್ವಲ್ಪ..."

"ಸ್ವಲ್ಪ ಏನು?" ಆಕಿ ನನ್ನ ಬಾಯಿನ್ನ ನೋಡಾಕತ್ತಿದ್ಲು. "ಇದ್ದದ್ದು ಇದ್ದಂಗ ಹೇಳು."

ನನ್ನ ಬಾಯಾಗ ಎಂಥೆಂಥಾ ಮೆತ್ತನ್ನ ಮಾತು ಬಂದ್ವು. ಒಂದೂ ಆಡಲಿಲ್ಲ.

"ಕ್ಯಾನ್ಸರ್ ಐತ್ರಿ. ಎಡಗಡೆ ಮೊಲಿಯಾಗ. ಬಗಲಾಗಿನ ಗಂಟಿಗೂ ಹೋಗೇತಿ ಅಂತ. ಮೊಲಿ ತಗೀಬೇಕಾಗತೈತ್ರಿ."

ಆಕಿ ಹೂಂ ಅಂದ್ಲು. ಒಂದು ಬಳ್ಳೊಳ್ಳಿ ತಗೊಂಡು ಉಗುರಿಲೆ ಸಿಪ್ಪಿ ಬಿಡಿಸಾಕ ನೋಡಿದ್ಲು, ಬರಲಿಲ್ಲ. "ತಡಾ ಆಗೇತೇನು?"

ನಾ ಹೆದರಿದ್ದ ಪ್ರಶ್ನಿ ಅದ. "ಆಗೇತ್ರಿ ಅತ್ಯಾರ. ತಡಾ ಆಗೇತಿ. ಆದ್ರ ಔಷಧ ಐತಿ, ಮಾಡೂಣು ಅಂದಾರ."

ಆಕಿ ಬುಟ್ಟಿ ನನ್ನ ಕಡೆ ಸರಿಸಿದ್ಲು.

"ನೀ ಸುಲಿ," ಅಂದ್ಲು. "ನನಗ ಹೆದರಿಕಿ ಆಗಾಕತ್ತೈತಿ, ಕೈ ನಿಂದರವಲ್ಲವು."