ಲಿಫ್ಟಿನ ಎಣ್ಣೆ

ಎಣ್ಣೆ ಪರೀಕ್ಷೆ ಮಾಡುವುದು ನನ್ನ ಕೆಲಸ ಎಂದರೆ ಜನ ಕಡಲೆಕಾಯಿ ಎಣ್ಣೆಯೋ ಎಳ್ಳೆಣ್ಣೆಯೋ ಎಂದು ಕೇಳುತ್ತಾರೆ. ಎರಡೂ ಅಲ್ಲ ಮಾರಾಯರೆ. ಕ್ರೇನು, ಜನರೇಟರು, ಹಡಗಿನ ಎಂಜಿನು ಇವುಗಳೊಳಗೆ ಓಡಾಡಿ ಕಪ್ಪಾದ ಎಣ್ಣೆ ಬಾಟಲಿಯಲ್ಲಿ ನಮ್ಮ ಲ್ಯಾಬಿಗೆ ಬರುತ್ತದೆ. ಅದರಲ್ಲಿ ಯಾವ ಲೋಹ ಸವೆದು ಸೇರಿದೆ ಎಂದು ನೋಡಿ, ಯಂತ್ರದ ಯಾವ ಭಾಗ ಹಾಳಾಗುತ್ತಿದೆ ಎಂದು ನಾವು ಹೇಳಬೇಕು. ಹೇಳಿದ್ದನ್ನು ಕೇಳಿ ರಿಪೇರಿ ಮಾಡಿಸಿದರೆ ಯಂತ್ರಕ್ಕೆ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ನಮ್ಮನ್ನು ಯಾರೂ ನೆನೆಯುವುದಿಲ್ಲ. ಹಾಳು ಕೆಲಸ.

ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಪಲ್ಲಾವರಂನ ಹಳೆಯ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ ನಾನು, ಅಮ್ಮ ಇಬ್ಬರೇ ಇದ್ದೇವೆ. ಅಮ್ಮನ ಮಂಡಿಗಳು ಕೈಕೊಟ್ಟು ಬಹಳ ಕಾಲವಾಯಿತು, ಮೆಟ್ಟಿಲು ಆಗದ ಮಾತು. ಆದರೂ ದಿನಾ ಸಂಜೆ ತಲೆ ಬಾಚಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಲಿಫ್ಟಿನಲ್ಲಿ ಕೆಳಗಿಳಿಯುತ್ತಿದ್ದಳು. ಗೇಟಿನ ಪಕ್ಕದ ಸಿಮೆಂಟು ಬೆಂಚಿನಲ್ಲಿ ನೆಲಮಹಡಿಯ ಮಾಮಿ ಕಾದಿರುತ್ತಿದ್ದರು. ಇಬ್ಬರೂ ಕೂತು ಇಡೀ ಕಟ್ಟಡದ ಸೊಸೆಯರನ್ನು ಅಳೆದು ಸುರಿದು, ಕತ್ತಲಾದ ಮೇಲೆ ಏಳುತ್ತಿದ್ದರು. ಅಮ್ಮ ಬೆಳಗ್ಗಿನಿಂದ ಆ ಹೊತ್ತಿಗಾಗಿಯೇ ಕಾಯುತ್ತಿದ್ದಳು.

ಕಳೆದ ವರ್ಷ ಲಿಫ್ಟು ಹೊರಡುವಾಗ ಗರಗರ ಎನ್ನತೊಡಗಿತು. ಸರ್ವಿಸಿಗೆ ಬಂದ ಮೆಕ್ಯಾನಿಕ್ಕಿನ ಕೈಗೆ ಲ್ಯಾಬಿನ ಬಾಟಲಿ ಕೊಟ್ಟು, ತಾರಸಿಯ ಮೇಲಿರುವ ಗೇರಿನ ಪೆಟ್ಟಿಗೆಯಿಂದ ಎಣ್ಣೆ ತೆಗೆಸಿದೆ. ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ, ಎಣ್ಣೆ ಬೆಚ್ಚಗಿರುವಾಗಲೇ ತೆಗೆಸಿದೆ. ತಣ್ಣಗಾದರೆ ಲೋಹದ ಚೂರೆಲ್ಲ ತಳಕ್ಕೆ ಕೂತು ಎಣ್ಣೆ ಸಾಚಾ ಮುಖ ತೋರಿಸುತ್ತದೆ. ಬಿಸಿಲಿಗೆ ಹಿಡಿದರೆ ಬಾಟಲಿಯೊಳಗೆ ಚಿನ್ನದ ಪುಡಿ ಕದಡಿದ ಹಾಗೆ ಮಿನುಗು. ಲ್ಯಾಬಿನಲ್ಲೂ ಅದೇ ಬಂತು: ಕಂಚು. ಗೇರಿನ ದೊಡ್ಡ ಚಕ್ರ ಕಂಚಿನದು, ಅದರ ಹಲ್ಲು ಸವೆಯುತ್ತಿದೆ. ಹಲ್ಲು ಪೂರ್ತಿ ಹೋದರೆ ಬ್ರೇಕು ಹಿಡಿದರೂ ಲಿಫ್ಟು ನಿಲ್ಲುವುದಿಲ್ಲ. ಅದರೊಳಗೆ ದಿನಾ ನಮ್ಮಮ್ಮ ಹೋಗಿ ಬರುತ್ತಿದ್ದಳು.

ಚಕ್ರ ಬದಲಾಯಿಸಿ ಎಂದು ರಿಪೋರ್ಟನ್ನು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಕೊಟ್ಟೆ. ಮರುದಿನ ಬೆಳಗ್ಗೆ ಎಲ್ಲ ಮಹಡಿಯಲ್ಲೂ ಲಿಫ್ಟಿನ ಬಾಗಿಲಿಗೆ ಬೀಗ. ರಿಪೇರಿ ಯಾವಾಗ ಎಂದು ಕೇಳಿದರೆ ಆ ಮನುಷ್ಯ ನನ್ನ ರಿಪೋರ್ಟನ್ನೇ ನನ್ನ ಮುಖಕ್ಕೆ ಹಿಡಿದು, "ನೀಂಗ ತಾನೆ ಮೇಡಂ ಸೊನ್ನೀಂಗ" ಎಂದು ತಮಿಳಿನಲ್ಲಿ ಅಂದ. ಹೌದಪ್ಪಾ, ನಾನೇ ಹೇಳಿದ್ದು. ರಿಪೇರಿ ಮಾಡಿ ಎಂದೂ ನಾನೇ ಹೇಳಿದ್ದೆ, ಅದು ಮಾತ್ರ ಅವನ ಕಿವಿಗೆ ಬೀಳಲಿಲ್ಲ.

ತಾರಸಿಯಲ್ಲಿ ಸಭೆ ಸೇರಿದಾಗ ಇನ್ನೊಂದು ಆಟ ಹೂಡಿದ. ನಮ್ಮ ಪ್ರತಿ ರಿಪೋರ್ಟಿನ ತಳದಲ್ಲೂ ಒಂದು ಸಾಲು ಇರುತ್ತದೆ, ಈ ಫಲಿತಾಂಶ ಲ್ಯಾಬಿಗೆ ಬಂದ ಮಾದರಿಗೆ ಮಾತ್ರ ಅನ್ವಯ ಎಂದು. ಅದನ್ನು ಎಲ್ಲರಿಗೂ ಓದಿ ಹೇಳಿ, ಇದು ಬಾಟಲಿಯ ಎಣ್ಣೆಯ ವಿಷಯ, ನಮ್ಮ ಲಿಫ್ಟಿಗೆ ಏನಾಗಿದೆ ಎಂದು ಇದರಿಂದ ಗೊತ್ತಾಗುವುದಿಲ್ಲ ಎಂದ. ಹಾಗಾದರೆ ಬೀಗ ಯಾಕೆ ಜಡಿದಿರಿ ಎಂದೆ. ನಾಳೆ ಏನಾದರೂ ಆದರೆ ನೀವೇ ಕೇಸು ಹಾಕುತ್ತೀರಲ್ಲ ಎಂದ. ನಿಲ್ಲಿಸುವುದಕ್ಕೆ ನನ್ನ ರಿಪೋರ್ಟು ಬೇಕು, ರಿಪೇರಿಗೆ ಬೇಡ! ಕೆಳಗಿನ ಮಹಡಿಯವರಿಗೆ ಲಿಫ್ಟು ಇದ್ದರೆಷ್ಟು ಬಿಟ್ಟರೆಷ್ಟು. ವಿಮಾನ ತಲೆಯ ಮೇಲೆ ಹಾದಾಗ ಮಾತ್ರ ಎಲ್ಲರೂ ಬಾಯಿ ಮುಚ್ಚಿ ಕೂತರು. ಆಮೇಲೆ, ಮುಂದಿನ ತಿಂಗಳು ನೋಡೋಣ ಎಂದು ಎದ್ದು ಹೋದರು.

ಅಮ್ಮ ಬಾಲ್ಕನಿಗೆ ಕುರ್ಚಿ ಹಾಕಿಸಿಕೊಂಡಳು. ತರಕಾರಿಯವನಿಗೆಂದು ಇಟ್ಟಿದ್ದ ಹಗ್ಗ ಕಟ್ಟಿದ ಬುಟ್ಟಿಯನ್ನು ಸಂಜೆ ಕೆಳಗಿಳಿಸುತ್ತಿದ್ದಳು. ಶುಕ್ರವಾರದ ಸಂತೆಯಿಂದ ತಂದ ಕರಿಬೇವೋ ಹೂವೋ ಮಾಮಿ ಅದರಲ್ಲಿ ಇಡುತ್ತಿದ್ದರು, ಅಮ್ಮ ಮಜ್ಜಿಗೆಮೆಣಸಿನಕಾಯಿ ಕಳಿಸುತ್ತಿದ್ದಳು. ಕೂಗಿ ಎಷ್ಟು ಮಾತಾಡಲಾದೀತು? ಅವರಿವರ ಸೊಸೆಯರ ಸುದ್ದಿಯನ್ನು ಕೂಗಿ ಹೇಳುವುದಕ್ಕಂತೂ ಆಗುವುದಿಲ್ಲ. ಮಾಮಿ ಕತ್ತೆತ್ತಿ ಸಾಪ್ಟೀಂಗಳಾ ಎನ್ನುವುದು, ಅಮ್ಮ ಊಟ ಆಯಿತೆಂದು ತಲೆಯಾಡಿಸುವುದು, ಅಷ್ಟಕ್ಕೇ ಬಂದು ನಿಂತಿತು.

ಒಂದು ಬೆಳಗ್ಗೆ ಮಾಮಿ ಎದೆನೋವೆಂದು ಹೋಗಿಯೇಬಿಟ್ಟರು. ಗೇಟಿನ ಬಳಿ ಶಾಮಿಯಾನದ ಕೆಳಗೆ ದೇಹವನ್ನು ಐಸು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಒಂದು ಸಲ ಮುಖ ನೋಡಬೇಕು ಎಂದಳು ಅಮ್ಮ. ವಾಚ್‌ಮನ್ನನ್ನೂ ಪಕ್ಕದ ಮನೆಯವರನ್ನೂ ಕರೆದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಹೊರಟೆ. ಮೆಟ್ಟಿಲಿನ ಮೊದಲ ತಿರುವಿನಲ್ಲೇ ಕುರ್ಚಿ ವಾಲಿ ಅಮ್ಮ ಜಾರಿದಳು. ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬೇಡ, ಮೇಲಕ್ಕೇ ಕರಕೊಂಡು ಹೋಗಿ ಎಂದಳು. ಮೇಲೆ ಬಂದು ಬಾಲ್ಕನಿಯ ತುಳಸಿ ಕಿತ್ತು, ದಾರಕ್ಕೆ ಕಟ್ಟಿ, ಬುಟ್ಟಿಯಲ್ಲಿಟ್ಟು ಇಳಿಸಿದಳು. ಆ ಗಲಾಟೆಯಲ್ಲಿ ಯಾರೂ ನೋಡಲಿಲ್ಲ. ಬುಟ್ಟಿ ಹಾಗೇ ನೇತಾಡುತ್ತಿತ್ತು. ನಾನೇ ಓಡಿ ಹೋಗಿ ತೆಗೆದುಕೊಂಡು ಮಾಮಿಯ ಕಾಲ ಬಳಿ ಇಟ್ಟೆ.

"ಮುಖ ಹೇಗಿತ್ತೇ?" ಎಂದು ಮೇಲೆ ಬಂದಾಗ ಅಮ್ಮ ಕೇಳಿದಳು.

ಮಲಗಿದ ಹಾಗಿತ್ತು ಎಂದೆ.

ಮಾಮಿಯ ಮಾಸಿಕವೂ ಕಳೆದ ಮೇಲೆ ಕಾರ್ಯದರ್ಶಿಯ ಅತ್ತೆ ಅವನ ಮನೆಗೆ ಇರಲು ಬಂದರು. ಅವನದು ಎರಡನೆಯ ಮಹಡಿ. ಆ ವಾರವೇ ಸಂಘಕ್ಕೆ ದುಡ್ಡು ಹುಟ್ಟಿತು, ಹೊಸ ಚಕ್ರ ಬಂತು. ತೂ! ಮೆಕ್ಯಾನಿಕ್ಕು ಬಿಚ್ಚಿಟ್ಟ ಹಳೆಯ ಚಕ್ರವನ್ನು ಹೋಗಿ ನೋಡಿದೆ. ಹಲ್ಲುಗಳು ಸವೆದು ಈಳಿಗೆಯ ಅಲಗಿನಂತೆ ತೆಳ್ಳಗಾಗಿದ್ದವು. ನಾನು ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಇವತ್ತು ಕೇಳಿದರೂ ಅದನ್ನೇ ಬರೆದುಕೊಡುತ್ತೇನೆ. ಫೋನಿನಲ್ಲಿ ಫೋಟೊ ತೆಗೆದು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ನೀನು ಹೇಳಿದ್ದೇ ಸರಿ ಎಂದಳು.

ಸಂಜೆ ಅವಳ ಹೊತ್ತಿಗೆ ಸರಿಯಾಗಿ ತಲೆ ಬಾಚಿಸಿ, ಕೈಹಿಡಿದು ಕರಕೊಂಡು ಬಂದು ಲಿಫ್ಟಿನ ಬಾಗಿಲು ಎಳೆದು ಹಿಡಿದುಕೊಂಡೆ. ಸದ್ದೇ ಇಲ್ಲ ನೋಡು, ಬಾ ಎಂದೆ. ಅಮ್ಮ ಹೊಸ್ತಿಲಲ್ಲೇ ನಿಂತು ಒಳಗೆ ನೋಡಿದಳು.

"ಬಾಗ್ಲು ಹಾಕೇ," ಎಂದಳು. "ಕೆಳಗೆ ಯಾರಾದ್ರೂ ಲಿಫ್ಟಿಗೆ ಕಾಯ್ತಿರ್ತಾರೆ."

ನಾನು ಹೊರಗಿನಿಂದಲೇ ಬಾಗಿಲು ಹಾಕಿದೆ.