ಸಿಪಾಯಿ ಒಣಗುವ ತನಕ

ಧಾರವಾಡದಿಂದ ಹ್ಯಾಮಿಲ್ಟನ್‌ಗೆ ಬಂದ ನಮ್ಮ ಅತ್ತೆಗೆ ಎರಡೇ ವಾರದಲ್ಲಿ ಬೇಸರ ಬಂದಿತ್ತು. ಅವರು ಕನ್ನಡದಲ್ಲಿ ಹತ್ತು ಮಾತು ಕೇಳಿದರೆ ನನ್ನ ಮಗಳು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ರೂಮಿಗೆ ಓಡುತ್ತಿದ್ದಳು. "ಗ್ವಾಡಿ ಜೋಡಿ ಎಷ್ಟಂತ ಮಾತಾಡ್ಲಿ? ಊರಿಗೆ ವಾಪಸ್ ಟಿಕೆಟ್ ತಗಿಸು," ಎಂದು ಮಗನ ಬೆನ್ನು ಹತ್ತಿದ್ದರು. ಅವರು ಹಾಗೆ ಹೋಗಿಬಿಟ್ಟರೆ ಅಜ್ಜಿ-ಮೊಮ್ಮಗಳು ಪರಿಚಯವೇ ಇಲ್ಲದವರಾಗಿ ಉಳಿಯುತ್ತಾರೆ ಎಂದು ನನಗೆ ಹೆದರಿಕೆ.

ಅಷ್ಟರಲ್ಲಿ ಮಗಳ ಶಾಲೆಯಲ್ಲಿ ಪ್ರಾಚೀನ ಚೀನಾದ ಮಣ್ಣಿನ ಸೈನಿಕರ ಪಾಠ ಬಂತು. ಒಬ್ಬೊಬ್ಬರೂ ಒಬ್ಬ ಸೈನಿಕನನ್ನು ಮಾಡಿ, ಎಷ್ಟು ಸಮಯ ಹಿಡಿಯಿತೆಂದು ಹೇಳಬೇಕು. ಮಣ್ಣು ಕಂಡದ್ದೇ ಅತ್ತೆ ಸೆರಗು ಸಿಕ್ಕಿಸಿದರು. ವರ್ಷಾವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ. ನನ್ನ ಚಹಾ ಕುದಿಯುವುದರೊಳಗೆ ತಲೆಗೆ ಸುತ್ತಿದ ಪಟಗಾ, ಮೀಸೆ ಸಮೇತ ಸಿಪಾಯಿ ಎದ್ದು ನಿಂತ. ಚೀನಾದವನಿಗಿಂತ ಹೆಚ್ಚಾಗಿ ನಮ್ಮೂರ ಗೌಡರಂತೆ ಕಾಣುತ್ತಿದ್ದ.

ಮರುದಿನ ಟೀಚರ್ ಅವನನ್ನು ವಾಪಸು ಕಳಿಸಿದರು. ಒಳಗೆಲ್ಲ ಗಟ್ಟಿ ಮಣ್ಣು, ಸುಡಲು ಭಟ್ಟಿಗೆ ಹಾಕಿದರೆ ಸಿಡಿಯುತ್ತದಂತೆ.

"ಮಣ್ಣೆತ್ತು ಯಾರರ ಸುಡ್ತಾರೇನು? ಪೂಜಿ ಮಾಡಿ ನೀರಾಗ ಬಿಡೂದು!" ಅತ್ತೆ ಸಿಡಿದೇಬಿಟ್ಟರು. "ಒಳಗ ಟೊಳ್ಳಿದ್ದಾಂವ ಎಂಥಾ ಸಿಪಾಯಿ?"

ಮಗಳೇ ತಡವರಿಸುತ್ತ ಹೇಳಿದಳು: "ಅಜ್ಜಿ, ಹೊಟ್ಟಿ ಖಾಲಿ ಬೇಕು. ಇಲ್ಲಂದ್ರ ಢಮಾರ್!"

ಅತ್ತೆ ಬಿದ್ದು ಬಿದ್ದು ನಕ್ಕರು. ಆಮೇಲೆ ಇಬ್ಬರೂ ಚೀನಾದವರ ಹಾಗೆಯೇ ಗಟ್ಟಿ ಕಾಲು, ಟೊಳ್ಳು ಹೊಟ್ಟೆ, ಬೇರೆ ತಲೆ ಮಾಡಿ ಕೂಡಿಸಿದರು. ಆದರೆ ನಮ್ಮ ಚಳಿಗಾಲದ ತೇವದಲ್ಲಿ ಅವನು ಒಣಗಲೊಲ್ಲ. ಶಾಲೆಯಿಂದ ಬಂದವಳೇ ಮಗಳು ಅಜ್ಜಿಯನ್ನು ಕರೆಯುವಳು. ಬಿರಿಯದಂತೆ ಹೊದಿಸಿದ ಪ್ಲಾಸ್ಟಿಕ್ ಸರಿಸಿ, ಹೀಟರ್ ಪಕ್ಕ ಇಟ್ಟಿದ್ದ ಅವನ ಮುಂದೆ ಕೂತು, ಇಬ್ಬರೂ ಹೊಟ್ಟೆ ಮುಟ್ಟಿ ನೋಡುವರು. ಚೀನಾದ ಒಬ್ಬ ಸೈನಿಕನಿಗೆ ಎಷ್ಟು ದಿನ ಹಿಡಿಯಿತೋ ಯಾರಿಗೂ ಖಚಿತವಿಲ್ಲ, ಇಡೀ ಸೈನ್ಯಕ್ಕೆ ದಶಕಗಳೇ ಬೇಕಾದವು ಎಂದು ಮಗಳು ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ಹೇಳಿದಳು. ಗೋಡೆಗೆಲ್ಲ ಬೂಷ್ಟು ಹಿಡಿಸುವ ಈ ಊರಿನ ತೇವವನ್ನು ಎಷ್ಟು ವರ್ಷ ಬೈದಿದ್ದೆನೋ! ಆ ವಾರ ಮಾತ್ರ ಅದಕ್ಕೆ ಕೈ ಮುಗಿಯಬೇಕೆನಿಸಿತು.

ಒಂದು ಸಂಜೆ ಗಂಡ ಊಟದ ನಡುವೆ ಫೋನು ನೋಡುತ್ತ, "ಅವ್ವಾ, ಶುಕ್ರವಾರದ ವಿಮಾನದಾಗ ಸೀಟ್ ಅದ. ತಗೀಲೇನು?" ಎಂದರು.

ಅತ್ತೆ ರೊಟ್ಟಿ ಮುರಿಯುತ್ತ ತಲೆಯೆತ್ತದೆ ಹೇಳಿದರು: "ಸಿಪಾಯಿ ಇನ್ನೂ ಹಸಿ ಅದಾನ. ಹಂಗ ಬಿಟ್ಟು ಹ್ಯಾಂಗ ಹೋಗ್ಲಿ?"

ನಾನು ಸದ್ದಿಲ್ಲದೆ ಎದ್ದು ಹೋಗಿ ಹೀಟರ್ ಆರಿಸಿ ಬಂದೆ.