ಸ್ವಲ್ಪ ಬೇಲಿ ಕಡೆ ಸರೀರಿ

ಅರಕಲಗೂಡಿನಲ್ಲಿ ರೈಲಿಲ್ಲ. ಹಾಸನಕ್ಕಿದೆ, ಹೊಳೆನರಸೀಪುರಕ್ಕಿದೆ, ಚನ್ನರಾಯಪಟ್ಟಣಕ್ಕೂ ಬಂತು. ನಮ್ಮೂರಿಗೆ ಮಾತ್ರ ಚುನಾವಣೆ ಬಂದಾಗಲೆಲ್ಲ ಭಾಷಣದಲ್ಲಿ ಬಂದು ಭಾಷಣದಲ್ಲೇ ಹೊರಟುಹೋಗುತ್ತದೆ. ಅಂಥ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಹೆಂಗಸು ನಾನು. ಭಾನುವಾರ ಬೆಳಕು ಹರಿಯುವ ಮೊದಲೇ ಸ್ಕೂಟರ್ ಹತ್ತಿ ರೈಲಿನ ಫೋಟೋ ತೆಗೆಯಲು ಹೋಗುತ್ತೇನೆ ಅಂದರೆ ಜನ ಸುಮ್ಮನಿರುತ್ತಾರೆಯೇ? ಪಕ್ಕದ ಮೊಬೈಲ್ ಅಂಗಡಿಯವನಂತೂ ನಾನು ಬಾಗಿಲು ತೆರೆಯುವುದನ್ನೇ ಕಾಯುತ್ತಿರುತ್ತಾನೆ. "ದೊಡ್ಡಗದ್ದವಳ್ಳಿ ದೇವಸ್ಥಾನದ್ದಾದ್ರೂ ತೆಗೀರಕ್ಕ. ಅದು ನಿಂತಲ್ಲೇ ನಿಂತಿರ್ತದೆ, ನಿಮ್ಗೆ ಒಸಿ ಪುಣ್ಯನೂ ಬತ್ತದೆ" ಅನ್ನುತ್ತಾನೆ. ನನ್ನ ಪುಣ್ಯದ ಚಿಂತೆ ಅವನಿಗೆ!

ಕಾರಣ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ಆದರೂ ಹೇಳುತ್ತೇನೆ. ವಾರವೆಲ್ಲ ನಾನು ನೋಡುವುದು ಮುಖಗಳನ್ನೇ. ಗದ್ದ ಕೆಳಗೆ ಮಾಡಿ, ಕಿವಿ ಕಾಣಲಿ, ಕಣ್ಣು ಮಿಟುಕಿಸಬೇಡಿ. ತೆಗೆದ ಮೇಲೆ ಒಬ್ಬರಾದರೂ ತೆಪ್ಪಗೆ ತೆಗೆದುಕೊಂಡು ಹೋಗುತ್ತಾರಾ? "ಚೆನ್ನಾಗ್ ಬಂದಿದೀನಾ ಅಕ್ಕ?" ಅಂತ ಕೇಳಲೇಬೇಕು. ಪಾಸ್‌ಪೋರ್ಟ್ ಸೈಜಿನ ಫೋಟೋದಲ್ಲಿ ಎಷ್ಟು ಚೆನ್ನಾಗಿ ಬರಲು ಸಾಧ್ಯ? ದಿನಕ್ಕೆ ಮೂವತ್ತು ಸಲ "ಬಂದಿದೀರ, ಬಂದಿದೀರ" ಅಂತ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು. ರೈಲು ಅದನ್ನು ಕೇಳುವುದಿಲ್ಲ. ಬರುತ್ತದೆ, ಹೋಗುತ್ತದೆ.

ಹಾಸನದ ಹತ್ತಿರ ಗ್ಯಾಸ್ ಟ್ಯಾಂಕರಿನ ಗೂಡ್ಸ್, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳ ನಡುವೆ ಓಡುವ ಗೂಡ್ಸ್, ಹೇಮಾವತಿ ಸೇತುವೆಯ ಮೇಲೆ ಪ್ಯಾಸೆಂಜರ್, ಎಲ್ಲ ತೆಗೆದಿದ್ದೇನೆ. ಗೂಡ್ಸಿಗೆ ಹೊತ್ತು ಗೊತ್ತು ಒಂದೂ ಇಲ್ಲ. ಮೂರು ಗಂಟೆ ಬಿಸಿಲಲ್ಲಿ ಕಾದು, ಇನ್ನು ಬರಲ್ಲ ಬಿಡು ಅಂತ ಕಾಫಿಗೆ ಹೋದರೆ ಆಗ ಬಂದು ಹೋಗಿಬಿಡುತ್ತದೆ. ಈಚೆಗೆ ಕರೆಂಟಿನ ಗಾಡಿ ಬರುತ್ತದೆ ಅಂತ ಹಳಿಯುದ್ದಕ್ಕೂ ಕಂಬ ನೆಟ್ಟು, ತಂತಿ ಎಳೆದು, ನನ್ನ ಒಳ್ಳೊಳ್ಳೆಯ ಜಾಗಗಳನ್ನೆಲ್ಲ ಹಾಳುಮಾಡಿದರು. ಸ್ಟೇಷನ್ನಿನಲ್ಲಿ ಕ್ಯಾಮೆರಾ ತೆಗೆದರೆ ಸಾಕು, "ಯಾರು ನೀವು, ಯಾಕೆ ತೆಗೀತಿದೀರಿ?" ಅನ್ನುವ ವಿಚಾರಣೆ ಬೇರೆ. ಮೊಬೈಲ್ ಹಿಡಿದು ಹಳಿಯ ಮೇಲೆ ಕುಣಿಯುವ ಹುಡುಗರನ್ನು ಯಾರೂ ಕೇಳುವುದಿಲ್ಲ. ನಾನು ಏನು, ರೈಲನ್ನು ಹೊತ್ತುಕೊಂಡು ಹೋಗುತ್ತೇನಾ?

ಈ ವಿಚಾರಣೆ ಬೇಡವೆಂದು ನಾನು ಹಿಡಿದದ್ದು ಒಂದು ಸಣ್ಣ ಹಾಲ್ಟನ್ನು. ಹೊಳೆನರಸೀಪುರ ದಾಟಿ ಹಾಸನದ ಕಡೆ ಹೋಗುವ ದಾರಿಯಲ್ಲಿದೆ, ಹೆಸರು ಬೇಡ. ಒಂದು ಮೋಟು ಪ್ಲಾಟ್‌ಫಾರಂ, ಒಂದು ಕಲ್ಲುಬೆಂಚು, ಹಿಂದೆ ಕಳ್ಳಿಬೇಲಿ, ಬೇಲಿಗೆ ಒರಗಿದ ಹೊಂಗೆಮರ. ಬೆಳಗಿನ ಪ್ಯಾಸೆಂಜರ್ ತಿರುವಿನಿಂದ ಹೊರಬರುವಾಗ ಬಿಸಿಲು ಸರಿಯಾಗಿ ಎಂಜಿನ್ನಿನ ಮುಖಕ್ಕೆ ಬೀಳುತ್ತದೆ. ಅಲ್ಲಿ ಕೇಳುವವರಿಲ್ಲ. ಆದರೆ ಅಲ್ಲೂ ಒಂದು ತಾಪತ್ರಯವಿತ್ತು: ಹೂವಿನ ಹೆಂಗಸರು.

ಹತ್ತು ಹನ್ನೊಂದು ಜನ. ಸುತ್ತಲ ಊರುಗಳಿಂದ ಕತ್ತಲಲ್ಲೇ ಕಾಕಡ, ಕನಕಾಂಬರ, ಸೇವಂತಿಗೆ ಬಿಡಿಸಿಕೊಂಡು ಬುಟ್ಟಿ ಹೊತ್ತು ಬರುತ್ತಿದ್ದರು. ಗಾಡಿ ನಿಲ್ಲುವುದು ಒಂದೇ ನಿಮಿಷ. ಹತ್ತಿದವರೇ ಬೋಗಿಯ ಬಾಗಿಲ ಬಳಿ ನೆಲದ ಮೇಲೆ ವೃತ್ತವಾಗಿ ಕೂತು, ಒದ್ದೆ ಮಾಡಿ ತಂದ ಬಾಳೆನಾರು ಬಿಚ್ಚಿ, ಹಾಸನ ಬರುವಷ್ಟರಲ್ಲಿ ಬುಟ್ಟಿಯ ಹೂವನ್ನೆಲ್ಲ ಕಟ್ಟಿ ಮುಗಿಸುತ್ತಿದ್ದರು. ಇಳಿದ ತಕ್ಷಣ ಮಾರಿನ ಲೆಕ್ಕದಲ್ಲಿ ಮಾರಾಟ. ಬಸ್ಸಿನಲ್ಲಿ ಈ ಕೆಲಸ ಆಗುವುದಿಲ್ಲ. ಎರಡು ಬಸ್ಸು ಬದಲಾಯಿಸಬೇಕು, ಕೂರಲು ಜಾಗವಿಲ್ಲ, ಕಂಡಕ್ಟರ್ ಬುಟ್ಟಿಯನ್ನು ಟಾಪಿಗೆ ಹಾಕು ಅನ್ನುತ್ತಾನೆ. ಅವರಿಗೆ ಆ ರೈಲೇ ಕಾರ್ಖಾನೆ.

ನನಗೆ ಅವರು ಕಾಣಿಸುತ್ತಿದ್ದುದು ಫ್ರೇಮಿಗೆ ಅಡ್ಡವಾಗಿ ಮಾತ್ರ. ಮೊದಲ ದಿನವೇ ಕೂಗಿದ್ದೆ: "ಅಮ್ಮಾ, ಸ್ವಲ್ಪ ಬೇಲಿ ಕಡೆ ಸರೀರಿ. ಎಂಜಿನ್ ಬೆಂಚು ದಾಟಿದ ಮೇಲೆ ಬನ್ನಿ." ಒಂದೇ ನಿಮಿಷ ನಿಲ್ಲುವ ಗಾಡಿಗೆ ಬೇಲಿಯಿಂದ ಓಡಿ ಬಂದು ಹತ್ತಬೇಕು, ಅದೂ ಬುಟ್ಟಿ ಹೊತ್ತು. ಬೇರೆ ಯಾರಾದರೂ ಆಗಿದ್ದರೆ ನನ್ನ ಜನ್ಮ ಜಾಲಾಡುತ್ತಿದ್ದರು. ಅವರಲ್ಲಿ ಹಿರಿಯಳು, ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡ ಒಬ್ಬಾಕೆ, ನಕ್ಕಳು. "ಬುಡ್ರೇ, ಒಂದ್ ಚಣ ಸರ್ಕಂಡ್ರೆ ನಮ್ದೇನ್ ಓದಾತು? ಅಕ್ಕ ಪಟ ಇಡೀಲಿ" ಅಂತ ಎಲ್ಲರನ್ನೂ ಬೇಲಿಗೆ ಕರೆದುಕೊಂಡು ಹೋದಳು. ಅಂದಿನಿಂದ ಎಂಟು ವರ್ಷ, ನಾನು ಬ್ಯಾಗಿನ ಜಿಪ್ಪು ಎಳೆಯುವ ಸದ್ದಿಗೇ ಅವರು ಎದ್ದು ಸರಿಯುತ್ತಿದ್ದರು. ನನ್ನ ಎಡಗೈಗೆ ಒಂದು ತುಂಡು ಹೂವನ್ನೂ ಕೊಟ್ಟು ಸರಿಯುತ್ತಿದ್ದರು.

ಹೋದ ವರ್ಷ ಒಂದು ಭಾನುವಾರ ಆ ಹಿರಿಯ ಹೂವಿನಮ್ಮ ಬೇಲಿಗೆ ಹೋಗದೆ ನೇರ ನನ್ನ ಬಳಿ ಬಂದಳು. ಬೆಂಚಿನ ಹಿಂದಿನ ಕಂಬಕ್ಕೆ ಒಂದು ಚೀಟಿ ಅಂಟಿಸಿದ್ದರು. ಬರುವ ತಿಂಗಳು ಒಂದನೇ ತಾರೀಖಿನಿಂದ ಬೆಳಗಿನ ಗಾಡಿ ಇಲ್ಲಿ ನಿಲ್ಲುವುದಿಲ್ಲ, ಕಾರಣ ಹತ್ತುವವರಿಲ್ಲ.

"ಅತ್ತೋರಿಲ್ವಂತೆ ಕಣಕ್ಕ! ನಾವೇನ್ ಮನುಷ್ಯರಲ್ವಾ?" ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ವಿಚಾರಿಸಿದರೆ ತಿಳಿದದ್ದು ಇಷ್ಟು. ಈ ಹೆಂಗಸರು ಒಂದು ದಿನವೂ ಟಿಕೆಟ್ ಇಲ್ಲದೆ ಹತ್ತಿದವರಲ್ಲ. ಎಲ್ಲರ ಬಳಿಯೂ ತಿಂಗಳ ಪಾಸಿದೆ. ಆದರೆ ಹಾಲ್ಟಿನ ಟಿಕೆಟ್ ಗೂಡಿನಲ್ಲಿ ಪಾಸು ಕೊಡುವುದಿಲ್ಲ, ಹೊಳೆನರಸೀಪುರಕ್ಕೆ ಹೋಗಿ ಮಾಡಿಸಬೇಕು. ಹಾಗಾಗಿ ಕಾಗದದಲ್ಲಿ ಅವರು ಹೊಳೆನರಸೀಪುರದಲ್ಲಿ ಹತ್ತುವವರು, ಹಾಲ್ಟಿನ ಲೆಕ್ಕಕ್ಕೆ ಸೊನ್ನೆ. ಸರಿ, ಕಣ್ಣಿಂದ ನೋಡೋಣ ಅಂತ ಪರಿಶೀಲನೆಗೆ ಬಂದ ಪುಣ್ಯಾತ್ಮರಾದರೂ ಎಷ್ಟು ಹೊತ್ತಿಗೆ ಬಂದರು ಗೊತ್ತೇ? ಮಧ್ಯಾಹ್ನ ಹನ್ನೆರಡಕ್ಕೆ, ಜೀಪಿನಲ್ಲಿ! ಬೆಳಗಿನ ಗಾಡಿಗೆ ಹತ್ತುವವರನ್ನು ಮಧ್ಯಾಹ್ನ ಎಣಿಸಿದರೆ ಹೊಂಗೆಮರದ ನೆರಳಲ್ಲಿ ಮಲಗಿದ್ದ ನಾಯಿ ಸಿಗುತ್ತದೆ. ಅದರ ಬಳಿ ಟಿಕೆಟ್ ಇರಲಿಲ್ಲ.

"ನೀವು ಇಷ್ಟ್ ವರ್ಸದಿಂದ ಪಟ ಇಡ್ದಿದ್ದೀರಲ್ಲಕ್ಕ," ಅಂದಳು ಹೂವಿನಮ್ಮ. "ಅದ್ರಾಗೆ ನಾವು ಇದ್ದೇ ಇರ್ತೀವಲ್ಲ. ನಾಕು ಪಟ ಕೊಡಿ, ಸಾಯೇಬ್ರ ಮುಂದೆ ಇಕ್ತೀವಿ."

"ನಾಕಲ್ಲ, ನಾನೂರು ಕೊಡ್ತೀನಿ. ಅವರ ಮುಖಕ್ಕೆ ಹಿಡೀತೀನಿ ಇರಿ" ಅಂದೆ. ಸ್ಕೂಟರನ್ನು ಅದೇ ಆವೇಶದಲ್ಲಿ ಓಡಿಸಿಕೊಂಡು ಬಂದು, ಆವತ್ತೇ ಮಧ್ಯಾಹ್ನ ಸ್ಟುಡಿಯೋ ಬಾಗಿಲು ಅರ್ಧ ಎಳೆದು ಕಂಪ್ಯೂಟರ್ ಮುಂದೆ ಕೂತೆ.

ಎಂಟು ವರ್ಷದ ಫೋಟೋಗಳು. ಮಂಜಿನಲ್ಲಿ ಹಾಲ್ಟು, ಮಳೆಯಲ್ಲಿ ಹಾಲ್ಟು, ಡೀಸೆಲ್ ಎಂಜಿನ್ನು, ಕರೆಂಟ್ ಎಂಜಿನ್ನು. ಒಂದರಲ್ಲೂ ಒಂದು ನರಪಿಳ್ಳೆ ಇರಲಿಲ್ಲ. ಎಂಜಿನ್ ಬೆಂಚು ದಾಟಿದ ಕೂಡಲೇ ನಾನು ಕ್ಯಾಮೆರಾ ಇಳಿಸುತ್ತಿದ್ದೆನಲ್ಲ, ಅವರು ಓಡಿ ಬರುತ್ತಿದ್ದುದು ಆಮೇಲೆ. ಒಂದು ಫೋಟೋ ಬಳಿ ಕೈ ನಿಂತಿತು. ರೈಲಿನ ಫೋಟೋ ತೆಗೆಯುವವರ ಇಂಟರ್ನೆಟ್ ಗುಂಪಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೊಗಳಿಕೆ ತಂದದ್ದು ಅದು. 'ಎಷ್ಟು ಕ್ಲೀನಾಗಿದೆ' ಅಂತ ಬರೆದಿದ್ದರು. ಅದು ಕ್ಲೀನಾಗಿರಲಿಲ್ಲ, ಮಾಡಿದ್ದು ನಾನು. ಬೆಂಚಿನ ಪಕ್ಕ ಯಾರದೋ ಹೂವಿನ ಬುಟ್ಟಿ ಉಳಿದುಬಿಟ್ಟಿತ್ತು, ಅರ್ಧ ದಿನ ಕೂತು ಅದನ್ನು ಅಳಿಸಿದ್ದೆ.

ಹೂವಿನಮ್ಮನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಫೋಟೋ ಇಲ್ಲದಿದ್ದರೇನು, ಬಾಯಿದೆಯಲ್ಲ ಅಂದುಕೊಂಡೆ. ಮರುವಾರ ಹೂವಿನಮ್ಮ, ಇನ್ನಿಬ್ಬರು ಹೆಂಗಸರು, ನಾನು ಹಾಸನದ ರೈಲ್ವೆ ಆಫೀಸಿಗೆ ಹೋದೆವು. ಪಾಸುಗಳನ್ನು ಮೇಜಿನ ಮೇಲೆ ಹರವಿದೆ. ಮಧ್ಯಾಹ್ನದ ಪರಿಶೀಲನೆಯ ವಿಷಯ ಎತ್ತಿ ಚೆನ್ನಾಗಿಯೇ ಜಾಡಿಸಿದೆ. "ನಿಮ್ಮ ಮನೆಗೆ ಬೆಳಗ್ಗೆ ಹಾಲು ಹಾಕುವವನನ್ನು ಮಧ್ಯಾಹ್ನ ಹುಡುಕಿ, ಹಾಲೇ ಬರಲ್ಲ ಅಂತ ಬರೀತೀರಾ?" ಅಂದೆ. ಹೆಂಗಸರಿಗೆ ಖುಷಿಯೋ ಖುಷಿ. ಅಲ್ಲಿನ ಸಾಹೇಬರು ಸಿಟ್ಟಾಗಲಿಲ್ಲ, ಅದೇ ನನಗೆ ಇನ್ನೂ ಉರಿ.

"ಮೇಡಂ, ಒಂದು ದಿನ ನೋಡಿ ಬರೆದಿದ್ದಲ್ಲ. ಬೆಳಗಿನ ಹೊತ್ತಿನದೂ ಫೈಲಲ್ಲಿದೆ, ನೋಡಿ" ಅಂತ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು.

ನನ್ನ ಫೋಟೋ. ಅದೇ, ಕ್ಲೀನಾದದ್ದು. ಬೆಳಗಿನ ಪ್ಯಾಸೆಂಜರ್ ಬರುತ್ತಿದೆ, ಬೆಂಚು ಖಾಲಿ, ಪ್ಲಾಟ್‌ಫಾರಂ ಖಾಲಿ. ಮೂಲೆಯಲ್ಲಿ ನನ್ನ ಸ್ಟುಡಿಯೋ ಹೆಸರು. ಇಂಟರ್ನೆಟ್ಟಿನಿಂದ ಯಾರೋ ತೆಗೆದು ಫೈಲಿಗೆ ಹಾಕಿದ್ದರು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ.

ಹೂವಿನಮ್ಮ ಮುಂದೆ ಬಗ್ಗಿದಳು. "ಅಯ್, ನಮ್ ಟೇಸನ್ನು! ಎಷ್ಟ್ ಚೆಂದಾಗ್ ಬಂದದೆ! ಇದು ನಮ್ಮಕ್ಕನೇ ಇಡ್ದಿರೋ ಪಟ ಸಾ. ನಾವೂ ಅಲ್ಲೇ ಇದ್ವಿ ಸಾ, ಇಗೋ, ಇಲ್ಲಿ, ಬೇಲಿ ತಾವ." ಅವಳ ಬೆರಳು ಪರದೆಯ ಅಂಚು ದಾಟಿ ಮೇಜಿನ ಮೇಲೆ ಬಂದು ಊರಿತು. ಸಾಹೇಬರು ಮೇಜನ್ನು ನೋಡಿದರು. ಅವಳು ಮತ್ತೆ ಪರದೆಯನ್ನು ಹುಡುಕಿದಳು. "ಅಲ್ಲಾ, ಬೆಂಚಿನ್ ಮಗ್ಗುಲಲ್ಲಿ ನನ್ ಬುಟ್ಟಿ ಇತ್ತಲ್ಲ. ಅದೆಲ್ಲೋತು?"

"ನಾನೇ ಅಳಿಸಿದೆ" ಅಂದೆ. ಇನ್ನೇನು ಹೇಳಲಿ?

"ಅಳಿಸೋಕಾಗತ್ತೆ ಅಂದ್ರೆ ಸೇರಿಸೋಕೂ ಆಗತ್ತಲ್ಲ ಮೇಡಂ," ಅಂದರು ಸಾಹೇಬರು ಮೆಲ್ಲಗೆ. "ಇನ್ನು ನೀವು ಜನ ಇರೋ ಫೋಟೋ ತಂದ್ರೂ ನಾನು ಹೇಗೆ ನಂಬಲಿ? ಆದ್ರೂ ತನ್ನಿ, ಫೈಲಿಗೆ ಹಾಕ್ತೀನಿ."

ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಒಂದು ದಿನ, ಒಂದೇ ಒಂದು ದಿನ ಬೆಳಗ್ಗೆ ಒಬ್ಬ ಮನುಷ್ಯನನ್ನು ಕಳಿಸಿದ್ದರೆ ಸಾಕಿತ್ತು. ಅದು ಬಿಟ್ಟು ಎಲ್ಲೋ ಸಿಕ್ಕ ಪಟ ನೋಡಿ ಹನ್ನೊಂದು ಜನರ ಅನ್ನಕ್ಕೆ ಕೈ ಹಾಕುವುದು ಯಾವ ನ್ಯಾಯ? ಹೀಗೆ ಬೈದುಕೊಂಡು ಮೆಟ್ಟಿಲಿಳಿಯುತ್ತಿದ್ದರೆ ಬೈಗಳೆಲ್ಲ ತಿರುಗಿ ನನ್ನ ಕಡೆಗೇ ಬರುತ್ತಿದ್ದವು. ಜೀಪಿನವರು ಒಂದು ಮಧ್ಯಾಹ್ನ ಅವರನ್ನು ನೋಡಲಿಲ್ಲ, ನಾನು ಎಂಟು ವರ್ಷ ಎದುರಿಗೇ ನಿಂತು ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೂವಿನಮ್ಮ, "ಕಾಪಿ ಕುಡೀರಕ್ಕ, ಮುಖ ಬಾಡೋಗದೆ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಬೆಳಗ್ಗೆ, ಸ್ಟುಡಿಯೋ ಮುಚ್ಚಿ, ಹಾಲ್ಟಿಗೆ ಹೋದೆ. ಎಲ್ಲರೂ ಇದ್ದರು. ನಾನು ಬ್ಯಾಗಿನ ಜಿಪ್ಪು ಎಳೆದೆ. ಅಷ್ಟೇ, ಹನ್ನೊಂದು ಜನವೂ ಮಾತಾಡುತ್ತಲೇ ಬುಟ್ಟಿ ಎತ್ತಿಕೊಂಡು ಬೇಲಿಯ ಕಡೆ ನಡೆದರು. ಹೂವಿನಮ್ಮನೂ ಅಷ್ಟೇ, ಕಾಲು ತಾನಾಗಿ ಹೋಗಿಬಿಟ್ಟಿತ್ತು. ನಾನು ಹೌಹಾರಿ, "ಬೇಡ, ಬೇಡ!" ಅಂತ ಕೈ ಬೀಸಿದೆ. ಅವರು ಅದನ್ನು ಇನ್ನೂ ಹಿಂದಕ್ಕೆ ಅಂತ ತಿಳಿದು ಹೊಂಗೆಮರದ ಆಚೆಗೇ ಹೋದರು. ಅಷ್ಟರಲ್ಲಿ ತಿರುವಿನಲ್ಲಿ ಗಾಡಿ. ನಾನು ಓಡಿ ಹೋಗಿ, ಹೂವಿನಮ್ಮನ ರಟ್ಟೆ ಹಿಡಿದು, "ನಿಮ್ಮನ್ನೇ ತೆಗೀಬೇಕಮ್ಮಾ, ಬನ್ನಿ ಈಚೆಗೆ!" ಅಂತ ಕಿರುಚಿದೆ.

ಓಡಿದರು. ನಾನೂ ಓಡುತ್ತಲೇ ಬಟನ್ ಒತ್ತಿದೆ. ಎಲ್ಲ ಅಲುಗಾಡಿದ ಫೋಟೋಗಳೇ: ಬೆನ್ನು, ತಲೆಯ ಮೇಲೆ ವಾಲಿದ ಬುಟ್ಟಿ, ಮೆಟ್ಟಿಲ ಮೇಲೊಂದು ಕಾಲು, ಪ್ಲಾಟ್‌ಫಾರಂ ಮೇಲೆ ಚೆಲ್ಲಿದ ಕಾಕಡ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅಷ್ಟು ಕೆಟ್ಟ ಫೋಟೋ ನಾನು ತೆಗೆದಿರಲಿಲ್ಲ. ಗಾಡಿ ಹೊರಟಿತು. ಹೂವಿನಮ್ಮ ಬಾಗಿಲ ಕಂಬಿ ಹಿಡಿದು, ತಲೆ ಹೊರಗೆ ಹಾಕಿ ಕೂಗಿದಳು.

"ಅಕ್ಕಾ, ನಾವು ಚೆನ್ನಾಗ್ ಬಂದಿದೀವಾ?"

ಎಂಟು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಆವತ್ತೇ ಮೊದಲು. "ಬಂದಿದೀರ, ಎಲ್ಲರೂ ಬಂದಿದೀರ!" ಅಂತ ಕೂಗುತ್ತ ಪ್ಲಾಟ್‌ಫಾರಂ ಮುಗಿಯುವವರೆಗೂ ಓಡಿದೆ.

ಫೋಟೋಗಳನ್ನು ಕೊಟ್ಟೆ, ಫೈಲಿಗೆ ಹಾಕಿಕೊಂಡರು. ಒಂದನೇ ತಾರೀಖಿನಿಂದ ಗಾಡಿ ನಿಲ್ಲುತ್ತಿಲ್ಲ. ಹೂವಿನಮ್ಮ ಈಗ ಎರಡು ಬಸ್ಸು ಹಿಡಿದು ಹೋಗಿ ಬಿಡಿಹೂವನ್ನು ಬಂದಷ್ಟಕ್ಕೆ ಕೊಟ್ಟು ಬರುತ್ತಾಳೆ. ಮೊನ್ನೆ ಭಾನುವಾರ ತಡೆಯಲಾರದೆ ಹಾಲ್ಟಿಗೆ ಹೋಗಿದ್ದೆ. ಬಿಸಿಲು ಸರಿಯಾಗಿ ಎಂಜಿನ್ನಿನ ಮುಖಕ್ಕೆ ಬಿದ್ದಿತ್ತು. ಫ್ರೇಮಿಗೆ ಯಾರೂ ಅಡ್ಡ ಬರಲಿಲ್ಲ. ನಾನು ಬ್ಯಾಗಿನ ಜಿಪ್ಪು ಎಳೆಯಲಿಲ್ಲ.